ಗಿರಣಿ ರಾಮಮ್ಮನ ಆರಾಮ

ಸುಂಕದಕಟ್ಟೆಯ ಗಿರಣಿ ರಾಮಮ್ಮನಿಗೆ ಒಂದು ಪದದ ಮೇಲೆ ಸಿಟ್ಟು ಬಂದಿತ್ತು. ಮನುಷ್ಯರ ಮೇಲೆ ಸಿಟ್ಟು ಬಂದರೆ ಬೈದು ಮುಗಿಸಬಹುದು, ಪದದ ಮೇಲೆ ಬಂದರೆ ಏನು ಮಾಡುವುದು? ಅದು ಯಾರ ಬಾಯಿಂದ ಬರುತ್ತದೋ ಅವರನ್ನೇ ಹಿಡಿದು ಬೈಯಬೇಕು. ರಾಮಮ್ಮ ಅದನ್ನೇ ಮಾಡಿದಳು. ಬೈಸಿಕೊಂಡವಳು ಗುರವ್ವ ಎಂಬ ಪಾಪದ ಹೆಂಗಸು.

ಮಾಗಡಿ ರಸ್ತೆಯಿಂದ ಎರಡು ತಿರುವು ಒಳಗೆ ಬಂದರೆ ಆ ಹಿಟ್ಟಿನ ಗಿರಣಿ ಸಿಗುತ್ತದೆ. ಮುಂದೆ ಗಿರಣಿ, ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದು ಬಾಗಿಲು. ರಾಮಮ್ಮನ ಗಂಡ ಕೆಂಪಯ್ಯ ಮೂವತ್ತು ವರ್ಷ ಅಲ್ಲಿ ಸುತ್ತಮುತ್ತಲಿನವರ ರಾಗಿ, ಗೋಧಿ, ಅಕ್ಕಿ ಬೀಸಿದ. ತಲೆ ಬೆಳ್ಳಗಾದದ್ದು ವಯಸ್ಸಿನಿಂದಲೋ ಹಿಟ್ಟಿನಿಂದಲೋ ಅವನಿಗೇ ಗೊತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಿರಣಿಯ ಬೆಲ್ಟು ಸರಿಮಾಡಲು ಬಗ್ಗಿದವನು ಹಾಗೆಯೇ ಕುಸಿದುಬಿದ್ದ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು.

ಅಂದಿನಿಂದ ರಾಮಮ್ಮ ಒಂದು ಕಾಲು ಗಿರಣಿಯಲ್ಲಿ, ಒಂದು ಕಾಲು ಮನೆಯಲ್ಲಿ. ಮೇಲಿನ ತಗಡಿನ ಬಾಯಿಗೆ ಕಾಳು ಸುರಿದು, ಹಿಟ್ಟು ಇಳಿಯುವಷ್ಟರಲ್ಲಿ ಒಳಗೆ ಓಡಿ ಗಂಡನ ಬಾಯಿ ಒರೆಸಿ ಬರುವಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಆಸ್ಪತ್ರೆಯ ನರ್ಸ್ ಹೇಳಿಕಳಿಸಿದ್ದಳು. ರಾಮಮ್ಮ ಅದನ್ನು ದೇವರ ಮುಂದೆ ಆಣೆ ಇಟ್ಟವಳ ಹಾಗೆ ಪಾಲಿಸಿದಳು. ಮೊಬೈಲಿನಲ್ಲಿ ಅಲಾರಂ ಇಟ್ಟು, ಹಗಲೂ ರಾತ್ರಿ ಎದ್ದಳು. ನಾಲ್ಕು ವರ್ಷದಲ್ಲಿ ಕೆಂಪಯ್ಯನ ಬೆನ್ನಿನಲ್ಲಿ ಒಂದೂ ಹುಣ್ಣಾಗಲಿಲ್ಲ. ಅವಳ ಕಣ್ಣಿನ ಕೆಳಗೆ ಮಾತ್ರ ಕಪ್ಪು ಕೂತಿತು.

ಈ ವರ್ಷ ಶಿವರಾತ್ರಿ ಕಳೆದ ವಾರ, ಬೆಳಿಗ್ಗೆ ಹತ್ತು ಗಂಟೆಗೆ ಗಂಜಿ ಕುಡಿಸುತ್ತಿದ್ದಾಗಲೇ ಕೆಂಪಯ್ಯ ಹೋದ. ಸಂಜೆಯೊಳಗೆ ಮಣ್ಣು ಮಾಡಿ ಬಂದರು. ರಾಮಮ್ಮ ತಲೆಗೆ ನೀರು ಹಾಕಿಕೊಂಡು, ಒಂದು ಗಳಿಗೆ ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಎರಡು ಗಂಟೆಗೊಮ್ಮೆ ಹೊಡೆದ ಅಲಾರಂ ಕೇಳಿಸಲೇ ಇಲ್ಲ, ಎದ್ದದ್ದು ಮರುದಿನ ಬೆಳಿಗ್ಗೆ ಎಂಟಕ್ಕೆ. ಕಣ್ಣು ಬಿಟ್ಟಾಗ ಮೊದಲು ಮನಸ್ಸಿಗೆ ಬಂದದ್ದು, ಅಬ್ಬಾ, ಎಷ್ಟು ಚೆನ್ನಾಗಿ ನಿದ್ದೆ ಬಂತು ಎಂಬುದು. ಗಂಡ ಸತ್ತದ್ದು ನೆನಪಾದದ್ದು ಆಮೇಲೆ.

ಆ ಒಂದು ಕ್ಷಣ ರಾಮಮ್ಮನನ್ನು ತಿಂದುಹಾಕಿತು. ಇವನು ಹೋಗಲೆಂದೇ ನಾನು ಕಾಯುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಕೆಂಗೇರಿಯಲ್ಲಿರುವ ಮಗಳು ಶೋಭಾರಾಣಿಗೂ ಹೇಳಲಿಲ್ಲ. ಇಂಥದ್ದನ್ನು ಯಾರಿಗೆ ಹೇಳುವುದು? ಹನ್ನೊಂದನೇ ದಿನದ ಊಟಕ್ಕೆ ಕೂತಾಗ ನಾದಿನಿ ಎಲೆಯ ಮೇಲಿನ ಅನ್ನ ಕಲಸುತ್ತಾ, "ಬಿಡು ಅತ್ಗೆ, ಅಣ್ಣಂಗೂ ಬಿಡುಗಡೆ ಆಯ್ತು. ಇನ್ಮೇಲೆ ನೀನೂ ಆರಾಮಾಗಿರ್ಬೋದು" ಎಂದಳು. ನಾದಿನಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಆದರೆ ಗುಟ್ಟು ಇಟ್ಟುಕೊಂಡವರಿಗೆ ಎಲ್ಲರೂ ಅದನ್ನೇ ಕುರಿತು ಮಾತಾಡುತ್ತಿದ್ದಾರೆ ಎನಿಸುತ್ತದೆ. ರಾಮಮ್ಮ ಊಟ ಬಿಟ್ಟು ಎದ್ದಳು.

ಮರುದಿನದಿಂದಲೇ ಗಿರಣಿ ತೆರೆದಳು. ಆರಾಮಾಗಿದ್ದಾಳೆ ಎಂದು ಯಾರೂ ಅನ್ನಬಾರದಲ್ಲ! ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಮುಚ್ಚುವುದು ಕತ್ತಲಾದ ಮೇಲೆ. ಕೂರಲು ಇದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಮೂಲೆಯಲ್ಲಿ ಬೋರಲು ಹಾಕಿದಳು. ನಿಂತೇ ಕಾಫಿ, ನಿಂತೇ ಊಟ. ರಾತ್ರಿ ನಿದ್ದೆಯೂ ಹತ್ತುತ್ತಿರಲಿಲ್ಲ. ಹತ್ತಿದರೂ ತಾನೇ ಬೆಚ್ಚಿ ಎದ್ದು ಕೂರುತ್ತಿದ್ದಳು. ಕಾಲು ಊದಿಕೊಂಡವು, ಬಿಪಿ ಏರಿತು. "ಅಮ್ಮ, ಹೀಗೆ ಮಾಡಿದ್ರೆ ನೀನೂ ಮಲಗ್ಬಿಡ್ತೀಯ ಕಣೇ" ಎಂದು ಶೋಭಾರಾಣಿ ಫೋನಿನಲ್ಲಿ ಅತ್ತಳು. ರಾಮಮ್ಮ "ನಂಗೇನಾಗಿದೆ?" ಎಂದು ಫೋನಿಟ್ಟಳು.

ಇಂಥ ಹೊತ್ತಿನಲ್ಲಿ ಗುರವ್ವ ಜೋಳದ ಡಬ್ಬಿ ಹೊತ್ತು ಬಂದಳು.

ಗುರವ್ವ ಹುನಗುಂದದ ಕಡೆಯವಳು. ಗಂಡ ದ್ಯಾಮಪ್ಪನಿಗೆ ಗಾರೆ ಕೆಲಸ. ಇವಳು ಬೀದಿಯ ನಾಲ್ಕಾರು ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ತಾನು ಹೋಗುತ್ತಿದ್ದ ಪಕ್ಕದ ರಸ್ತೆಯ ಗಿರಣಿ ಮುಚ್ಚಿ ಮೊಬೈಲ್ ಅಂಗಡಿಯಾದ ಮೇಲೆ ರಾಮಮ್ಮನ ಗಿರಣಿಗೆ ಹೊಸದಾಗಿ ಬರತೊಡಗಿದ್ದಳು. ಬಂದಿದ್ದೂ ಎರಡು ಮೂರು ಸಲ. ಆಗೆಲ್ಲ ರಾಮಮ್ಮ ಒಳಗೂ ಹೊರಗೂ ಓಡುತ್ತಿದ್ದುದರಿಂದ ಮಾತೇ ಆಗಿರಲಿಲ್ಲ. ಸಾವಿನ ಸುದ್ದಿ ಕೇಳಿದ್ದ ಗುರವ್ವ ಡಬ್ಬಿ ಕೆಳಗಿಟ್ಟು, ರಾಮಮ್ಮನ ಮುಖವನ್ನೇ ನೋಡಿ, ಮೆಲ್ಲಗೆ ಕೇಳಿದಳು.

"ಆರಾಮ ಅದೀರೇನ್ರಿ, ಅಕ್ಕಾರ?"

"ಏನಂದ್ರಿ?"

"ಅಲ್ರಿ, ಆರಾಮ ಅದೀರಿಲ್ಲೋ ಅಂತ ಕೇಳಿದ್ನಿ."

ರಾಮಮ್ಮನ ಮೈಯೆಲ್ಲ ಉರಿಯಿತು. "ಗಂಡ ಸತ್ತು ಹದಿನೈದು ದಿನ ಆಗಿಲ್ಲ, ಆರಾಮಾಗಿದೀಯಾ ಅಂತ ಕೇಳೋಕ್ ಬಂದ್ರಾ? ನಾಚ್ಕೆ ಆಗಲ್ವಾ ನಿಮ್ಗೆ? ತಗೊಂಡೋಗಿ ನಿಮ್ಮ ಜೋಳ. ಈ ಮಿಲ್ಲಲ್ಲಿ ಜೋಳ ಬೀಸಲ್ಲ!"

ಗುರವ್ವ ಡಬ್ಬಿ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಟುಹೋದಳು. ಮುಂದಿನ ಮೂರು ವಾರ ಅವಳು ಬ್ಯಾಡರಹಳ್ಳಿಯ ಗಿರಣಿಗೆ ಬಸ್ಸು ಹತ್ತಲು ಹೋಗುವುದನ್ನು ರಾಮಮ್ಮ ನಿಂತಲ್ಲಿಂದಲೇ ನೋಡಿದಳು. ಹತ್ತಲಿ, ನನಗೇನು ಎಂದುಕೊಂಡಳು. ಹಾಗೆಂದುಕೊಂಡಾಗ ಮನಸ್ಸಿಗೆ ಹಿತವೇನೂ ಆಗಲಿಲ್ಲ.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ದ್ಯಾಮಪ್ಪನೇ ಡಬ್ಬಿ ಹಿಡಿದು ಬಂದ. ಹೆಂಡತಿಯನ್ನು ಇಲ್ಲಿಂದ ಓಡಿಸಿದ್ದು ಅವನಿಗೆ ಗೊತ್ತು. ಅದಕ್ಕೇ ಮೆಟ್ಟಿಲ ಕೆಳಗೆ ನಿಂತೇ ಮಾತಾಡಿದ.

"ಅಕ್ಕಾರ, ಈ ಸಲ ಒಂದೀಟು ಬೀಸಿಕೊಡ್ರಿ. ಈಕಿಗೆ ನಾಕ್ ದಿನದಿಂದ ಆರಾಮಿಲ್ರಿ."

ಮತ್ತದೇ ಪದ! "ಆರಾಮಿಲ್ವಾ? ನನಗೇನು ಇಲ್ಲಿ ಆರಾಮು ಸುರೀತಾ ಇದ್ಯಾ? ಬೆಳಿಗ್ಗೆ ಆರಕ್ಕೆ ನಿಂತೋಳು, ಇನ್ನೂ ಕೂತಿಲ್ಲ."

ದ್ಯಾಮಪ್ಪ ಗಾಬರಿಯಾದ. "ಅಯ್ಯ, ನಿಮಗೂ ಆರಾಮಿಲ್ಲೇನ್ರಿ? ಈ ಜ್ವರ ಓಣಿ ತುಂಬ ಹಬ್ಬೈತಿ ನೋಡ್ರಿ. ಗುಳಿಗಿ ತಗೊಂಡ್ರಿಲ್ಲೋ?"

"ಜ್ವರ ಯಾರಿಗೆ?"

"ಈಕಿಗ್ರಿ. ಅದನ್ನ ಹೇಳಾಕತ್ತೇನಲ್ರಿ."

"ನೀವು ಹೇಳಿದ್ದು ಆರಾಮಿಲ್ಲ ಅಂತ."

"ಹೌದ್ರಿ. ಆರಾಮಿಲ್ಲ. ಮೈಯಾಗ ಜ್ವರ."

ರಾಮಮ್ಮ ಗಿರಣಿಯ ಸ್ವಿಚ್ಚು ಆರಿಸಿದಳು. ಸದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. "ಹಂಗಾದ್ರೆ ನಿಮ್ ಕಡೆಯೋರು ಆರಾಮಾ ಅಂತ ಕೇಳಿದ್ರೆ ಏನರ್ಥ?"

"ಇಲ್ಲಿ ಚೆನ್ನಾಗಿದ್ದೀರಾ ಅಂತಾರಲ್ರಿ, ಹಂಗ. ಮೈಗೆ, ಮನಸ್ಸಿಗೆ ಏನೂ ಇಲ್ಲಲ್ಲ ಅಂತ."

"ಸಾವಾದ ಮನೇಲೂ ಕೇಳ್ತೀರಾ?"

"ಅಲ್ಲೇ ಕೇಳಬೇಕಲ್ರಿ. ಚಲೋ ಇದ್ದವ್ರನ್ನ ಕೇಳಿ ಏನ್ ಮಾಡೋದೈತಿ?"

ರಾಮಮ್ಮನಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು, ಯಾವುದಕ್ಕೆ ಜಾಗ ಬಿಡಬೇಕೋ ತಿಳಿಯಲಿಲ್ಲ. ಒಂದು ತಿಂಗಳಿನಿಂದ ಬಂದವರೆಲ್ಲ ಕಾರ್ಯ ಹೇಗಾಯಿತು, ಗಿರಣಿ ಮಾರುತ್ತೀಯಾ ಎಂದು ಕೇಳಿದ್ದರು. ನೀನು ಹೇಗಿದ್ದೀಯಾ ಎಂದು ಕೇಳಿದವಳು ಗುರವ್ವ ಒಬ್ಬಳೇ. ಅವಳನ್ನೇ ಹಿಡಿದು ಬೈದು ಕಳಿಸಿದ್ದಾಯಿತು.

ಅದುವರೆಗೆ ರಾಗಿ ಬೀಸುತ್ತಿದ್ದಳು. ರಾಗಿಯ ಕಪ್ಪು ಜೋಳಕ್ಕೆ ಹತ್ತಬಾರದೆಂದು ಮನೆಯೊಳಗಿಂದ ತನ್ನ ಅಕ್ಕಿ ತಂದು, ಎರಡು ಹಿಡಿ ಹಾಕಿ ಮೊದಲು ಗಿರಣಿಯ ಕಲ್ಲನ್ನು ಶುಚಿ ಮಾಡಿದಳು. ಆಮೇಲೆ ಜೋಳ ಸುರಿದಳು. ಬೆಳ್ಳಗೆ ನುಣ್ಣಗೆ ಹಿಟ್ಟು ಇಳಿಯಿತು. ದ್ಯಾಮಪ್ಪ ಡಬ್ಬಿಗೆ ಕೈ ಚಾಚಿದರೆ, "ನಡೀರಿ, ನಾನೇ ತರ್ತೀನಿ" ಎಂದು ಷಟರ್ ಎಳೆದಳು.

ಗುರವ್ವನ ಮನೆ ಹಿಂದಿನ ಓಣಿಯಲ್ಲಿತ್ತು. ಚಾಪೆಯ ಮೇಲೆ ಮಲಗಿದ್ದವಳು ರಾಮಮ್ಮನನ್ನು ಕಂಡು ಎದ್ದು ಕೂತು ಸೆರಗು ಸರಿಮಾಡಿಕೊಂಡಳು. "ಬರ್ರಿ" ಎಂದಳು. ದನಿಯಲ್ಲಿ ಬಿಗುವಿತ್ತು, ಇರಲೇಬೇಕಲ್ಲ. "ಮೂರ್ ವಾರ ಆತ್ರಿ ಅಕ್ಕಾರ. ನಾ ಏನ್ ಅಂದ್ನಿ, ಏನ್ ತಪ್ಪಾತು ಅಂತ ಇವ್ರನ್ನ ದಿನಾ ಕೇಳೇನಿ."

"ನಿಮ್ಮಿಂದ ಏನೂ ತಪ್ಪಾಗಿಲ್ಲಮ್ಮ. ನಾನೇ ಬೇರೆ ಅರ್ಥ ಮಾಡ್ಕೊಂಡೆ." ರಾಮಮ್ಮ ಡಬ್ಬಿ ಇಟ್ಟು ನೆಲದ ಮೇಲೆ ಕೂತಳು. ನಾದಿನಿ ಅಂದದ್ದನ್ನು ಹೇಳಿದಳು. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದಳು, ನಿಲ್ಲಿಸಲು ಆಗಲಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಆ ನಿದ್ದೆಯ ಕಥೆಯೂ ಹೊರಗೆ ಬಂತು. "ಅವ್ರನ್ನ ಮಣ್ಣು ಮಾಡಿದ ದಿನ ಹಾಯಾಗಿ ಮಲಗ್ದೆ ಕಣಮ್ಮ. ನನ್ನಂಥೋಳು ಎಲ್ಲಾದ್ರೂ ಇದಾಳಾ?"

ಗುರವ್ವ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಾನೂ ಅತ್ತೆಯ ಆರೈಕೆ ಮಾಡಿದವಳಾದ್ದರಿಂದ ಕೆಲಸದ ಮಾತನ್ನೇ ಕೇಳಿದಳು. "ರಾತ್ರಿ ಭಾಳ ಕಾಡ್ತಿದ್ರೇನ್ರಿ ಅವ್ರು? ನಮ್ಮತ್ತಿ ಅಂತೂ ಗಳಿಗಿಗೊಮ್ಮೆ ಕೂಗಾಕಿ."

"ಇಲ್ಲಮ್ಮ, ರಾತ್ರಿ ಕರೀತಾನೇ ಇರ್ಲಿಲ್ಲ" ಎನ್ನುತ್ತಿದ್ದಂತೆಯೇ ರಾಮಮ್ಮನಿಗೆ ಗಂಡನ ಲೋಟ ನೆನಪಾಯಿತು.

ಹಗಲಲ್ಲಿ ಕೆಂಪಯ್ಯ ಕಾಡುವುದರಲ್ಲಿ ಮಕ್ಕಳಿಗಿಂತ ಒಂದು ಕೈ ಮೇಲು. ಎಡಗೈಯಲ್ಲಿ ಸ್ಟೀಲ್ ಲೋಟ ಹಿಡಿದು ಮಂಚದ ಕಂಬಿಗೆ ಬಡಿಯುತ್ತಿದ್ದ. ನೀರಿಗೊಮ್ಮೆ, ಫ್ಯಾನಿಗೊಮ್ಮೆ, ಕಿಟಕಿಗೊಮ್ಮೆ, ಸುಮ್ಮನೆ ಇನ್ನೊಮ್ಮೆ. ಗಿರಣಿಯ ಸದ್ದನ್ನೂ ಮೀರಿ ಅದು ಕೇಳುತ್ತಿತ್ತು. ರಾತ್ರಿಯೂ ಲೋಟ ಅವನ ಕೈಗೆ ಎಟಕುವ ಹಾಗೆ ತಲೆದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ನಾಲ್ಕು ವರ್ಷದಲ್ಲಿ ಒಂದು ರಾತ್ರಿಯೂ ಅವನು ಬಡಿದಿರಲಿಲ್ಲ. ಮಗ್ಗುಲು ಬದಲಿಸಲು ಇವಳು ಎದ್ದಾಗೆಲ್ಲ ಅವನ ಕಣ್ಣು ತೆರೆದೇ ಇರುತ್ತಿತ್ತು. ನೀರು ಹಿಡಿದರೆ ಗಟಗಟ ಕುಡಿಯುತ್ತಿದ್ದ. ಇವನಿಗೆ ನಿದ್ದೆ ಬರುವುದಿಲ್ಲ ಎಂದಷ್ಟೇ ರಾಮಮ್ಮ ಅಂದುಕೊಂಡಿದ್ದಳು. ಬಾಯಾರಿ, ಲೋಟ ಮುಟ್ಟದೆ, ಇವಳು ತಾನಾಗಿ ಏಳುವವರೆಗೂ ಕಾದಿರುತ್ತಿದ್ದ ಎಂಬುದು ಈಗ ಹೊಳೆಯಿತು.

ಸತ್ತ ದಿನ ಬಾರದಿದ್ದ ಅಳು ಗುರವ್ವನ ಮನೆಯ ನೆಲದ ಮೇಲೆ ಬಂತು. ಜ್ವರದ ಮೈಯ ಗುರವ್ವ ಹತ್ತಿರ ಸರಿದು ಬೆನ್ನು ಸವರಿದಳು. ದ್ಯಾಮಪ್ಪ ಪಾಪ, ಏನು ಮಾಡಬೇಕೋ ತಿಳಿಯದೆ ಚಹಾಕ್ಕೆ ನೀರಿಟ್ಟ. ಎರಡು ಲೋಟ ಚಹಾ ಮುಗಿಯುವ ಹೊತ್ತಿಗೆ ರಾಮಮ್ಮನ ಎದೆ ಹಗುರವಾಗಿತ್ತು. ತಾನು ಕಳೆದುಕೊಂಡದ್ದು ಎಷ್ಟು ದೊಡ್ಡದೆಂದು ಅವಳಿಗೆ ಆಗಲೇ ಸರಿಯಾಗಿ ತಿಳಿದದ್ದು. ಅಷ್ಟೊಂದು ತನಗೆ ಸಿಕ್ಕಿತ್ತಲ್ಲ ಎಂದು ಸಂತೋಷವೂ ಆಯಿತು.

ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದಳು.

"ಶೋಭಾ, ನಿಮ್ಮಪ್ಪ ರಾತ್ರಿ ಹೊತ್ತು ಒಂದಿನಾನೂ ನನ್ನ ಎಬ್ಬಿಸ್ಲಿಲ್ಲ ಕಣೇ."

"ಏನಾಯ್ತಮ್ಮ? ಎಲ್ಲಿದೀಯಾ? ಅಳ್ತಾ ಇದೀಯಾ?"

"ಏನೂ ಆಗಿಲ್ಲ. ನಾನು ಮಲಗ್ಲಿ ಅಂತ ಬಾಯಾರ್ಕೊಂಡು ಕಾಯ್ತಿದ್ರು ಕಣೇ, ನಂಗೆ ಗೊತ್ತೇ ಆಗಿರ್ಲಿಲ್ಲ. ಈಗ ಮನೆಗೋಗಿ ಮಲಗ್ತೀನಿ. ಸಂಜೆ ತನಕ ಫೋನ್ ಮಾಡ್ಬೇಡ."