ಬಾಲ ಮುದುರಿದ ಶನಿವಾರ

ನಮ್ಮ ಔಷಧ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಎಲ್ಲರೂ ನನ್ನ ಸಹೋದ್ಯೋಗಿಯೊಬ್ಬಳನ್ನು ಬಾಲದಕ್ಕ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವಳು ನಾನೇ. ಚುಡಾಯಿಸಲೆಂದೇ ಇಟ್ಟದ್ದು, ಸುಳ್ಳೇಕೆ ಹೇಳಲಿ.

ಅವಳ ಕೆಲಸ ಇಷ್ಟೇ: ಮದ್ದಿನ ಹನಿಯೊಂದನ್ನು ಹರಿಯುವ ದ್ರವದ ಜೊತೆ ಉಕ್ಕಿನ ಕೊಳವೆಯೊಳಗೆ ನುಗ್ಗಿಸುವುದು. ಕೊಳವೆಯ ತುಂಬ ಸಿಲಿಕಾ ಎಂಬ ನುಣ್ಣನೆಯ ಮರಳಿನಂಥ ಪುಡಿ. ಹನಿಯೊಳಗಿನ ಒಂದೊಂದು ವಸ್ತುವೂ ಒಂದೊಂದು ಹೊತ್ತಿಗೆ ಆಚೆ ಬಂದು, ಪರದೆಯ ಮೇಲೆ ತನ್ನದೇ ಶಿಖರ ಬರೆಯುತ್ತದೆ. ಪ್ರೋಟೀನಿನ ತುಣುಕಿನಂಥ ಪೆಪ್ಟೈಡ್ ಇರುವ ಹೊಸ ಇಂಜೆಕ್ಷನ್ನಿನ ಶಿಖರ ಮಾತ್ರ ನೆಟ್ಟಗೆ ಇಳಿಯದೆ ಉದ್ದನೆಯ ಬಾಲ ಎಳೆಯುತ್ತಿತ್ತು.

"ಆ ಬಾಲದಡಿ ಏನೋ ಕಲ್ಮಶ ಅಡಗಿದೆ ಸಾರ್," ಎಂದು ಮೂರು ತಿಂಗಳಿಂದ ಹೇಳುತ್ತಲೇ ಇದ್ದಳು.

"ಕಾಣಿಸ್ತಾ ಇದೆಯಾ? ಇಲ್ಲ ಅಲ್ವಾ?" ಎಂದರು ಮುಖ್ಯಸ್ಥರು. "ಶನಿವಾರದೊಳಗೆ ತೋರ್ಸಿ. ಇಲ್ಲಾಂದ್ರೆ ಮದ್ದು ಆಸ್ಪತ್ರೆಗೆ ಹೋಗುತ್ತೆ, ನೀವು ಬಾಟಲಿ ತೊಳೆಯೋ ರೂಮಿಗೆ ಹೋಗ್ತೀರಿ."

ಬಾಲದಕ್ಕ ಕೊಳವೆ ಬದಲಿಸಿದಳು, ಬಿಸಿ ಏರಿಸಿದಳು, ಹರಿವು ತಗ್ಗಿಸಿದಳು. ಬಾಲ ಜಗ್ಗಲಿಲ್ಲ. "ನನ್ನತ್ರಾನೇ ಬಾಲ ಬಿಚ್ತೀಯಾ?" ಎಂದು ಯಂತ್ರಕ್ಕೇ ಬೈದಳು. ನನಗೆ ನಗು ಬಂತು.

ಆಮೇಲೆ ಅವಳೇ ಹೇಳಿದ್ದು: ಗುರುವಾರ ಸಂಜೆ ಅವಳು ಮನೆಗೆ ಹೋದರೆ, ಅತ್ತೆ ಎಂದಿನಂತೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಒಳಗೆ ಬರುವವರ ಕೈಹಿಡಿದು ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡುವುದು ಅವರ ಅಭ್ಯಾಸ. ಅಂದು ಪಕ್ಕದ ಮನೆಯಾಕೆ ಮೊದಲೇ ಸಿಕ್ಕಿಬಿದ್ದಿದ್ದರಿಂದ ಬಾಲದಕ್ಕ ಸಲೀಸಾಗಿ ಒಳಗೆ ನುಸುಳಿದಳು. ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಸಿಲಿಕಾದ ಮೇಲೂ ಇಂಥ ಅತ್ತೆಯರಿದ್ದಾರಲ್ಲ! ಋಣ ವಿದ್ಯುದಾವೇಶದ ಆ ಜಾಗಗಳೇ ಧನ ವಿದ್ಯುದಾವೇಶದ ಪೆಪ್ಟೈಡನ್ನು ಹಿಡಿದು ಕೂರಿಸುವುದು. ಅವುಗಳ ಪಕ್ಕ ಬೇರೆ ಯಾರನ್ನಾದರೂ ಮೊದಲೇ ಕೂರಿಸಿದರೆ?

ಅದಕ್ಕೆ ತಕ್ಕವನು ಪರೀಕ್ಷಾಲಯದ ಕಪಾಟಿನಲ್ಲೇ ಇದ್ದ, ಅಮೀನ್ ಎಂಬ ದ್ರವ; ಆಮ್ಲ ಬೆರೆತರೆ ಅದೂ ಧನ ವಿದ್ಯುದಾವೇಶ ಹೊತ್ತು ಆ ಜಾಗಗಳನ್ನು ಮೊದಲೇ ಹಿಡಿದುಬಿಡುತ್ತದೆ. "ಅಯ್ಯೋ, ಅದು ಅಜ್ಜಿ ಕಾಲದ್ದು, ನಾರುತ್ತೆ," ಎಂದು ಮುಖ್ಯಸ್ಥರು ಮೂಗು ಮುರಿದರು. ಇವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಶುಕ್ರವಾರ ಹರಿಯುವ ದ್ರವಕ್ಕೆ ಚೂರೇ ಚೂರು ಅಮೀನ್ ಬೆರೆಸಿ, ಆಮ್ಲ ಹಾಕಿ ಹದಕ್ಕೆ ತಂದು, ಇಡೀ ದಿನ ಕೊಳವೆಗೆ ಕುಡಿಸಿದಳು.

ಶನಿವಾರ ಹನ್ನೊಂದಕ್ಕೆ ಹನಿ ಒಳಗೆ ಹೋಯಿತು. ನಾವೆಲ್ಲ ಪರದೆಯ ಮುಂದೆ ನಿಂತೆವು. ಶಿಖರ ಎದ್ದಿತು. ಎದ್ದಷ್ಟೇ ನೆಟ್ಟಗೆ ಇಳಿದು ನೆಲ ಮುಟ್ಟಿತು. ಅದರ ಬೆನ್ನಿಗೇ, ಇಷ್ಟು ದಿನ ಬಾಲದಡಿ ಮಲಗಿದ್ದ ಪುಟ್ಟ ಶಿಖರವೊಂದು ಬೇರೆಯಾಗಿ ಎದ್ದು ನಿಂತಿತು. ನಾನು ಕಿರುಚಿಯೇ ಬಿಟ್ಟೆ.

ಮುಖ್ಯಸ್ಥರು ಮುದ್ರಿತ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಬಾಲ ಎಲ್ರೀ?"

"ಮುದುರ್ಕೊಂಡ್ ಹೋಯ್ತು ಸಾರ್," ಎಂದಳು ಬಾಲದಕ್ಕ.

ಯಾರ ಬಾಲ ಎಂದು ಕೇಳಬೇಕಿರಲಿಲ್ಲ; ನಾವೆಲ್ಲ ಮುಖ್ಯಸ್ಥರ ಮುಖವನ್ನೇ ನೋಡಿದೆವು. ಮದ್ದನ್ನು ಅಂದೇ ತಡೆಹಿಡಿದರು. ಅವಳನ್ನು ಬಾಟಲಿ ರೂಮಿಗೆ ಕಳಿಸಲು ಬರೆದಿಟ್ಟಿದ್ದ ವರ್ಗಾವಣೆಯ ಕಾಗದವನ್ನು ಮುಖ್ಯಸ್ಥರೇ ಹರಿದರು.

ಸಂಜೆ ಬಾಗಿಲಲ್ಲಿ ಅತ್ತೆ ಮೂಗು ಮುಚ್ಚಿಕೊಂಡರಂತೆ. "ಏನೇ ಇದು, ಕೊಳೆತ ಮೀನಿನ ವಾಸ್ನೆ!"

"ಗೆದ್ದು ಬಂದಿರೋ ವಾಸ್ನೆ ಅತ್ತೆ," ಎಂದವಳೇ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು. ಅವರ ಮಾತು ಮುಗಿಯುವವರೆಗೂ ಏಳಲಿಲ್ಲ.