ಹೊಳೆಗೆ ಬಿದ್ದವಳು

ಅವ್ವನಿಗೆ ಮರೆವು ಶುರುವಾಗಿದೆಯೆಂದು ನಾನೇ ಹಟ ಹಿಡಿದು ಜೇವರ್ಗಿಯ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ಅದನ್ನಾದರೂ ಸಹಿಸಬಹುದಿತ್ತು, ಆದರೆ ನನ್ನನ್ನು ಆಗಾಗ ಅಕ್ಕನ ಹೆಸರಿನಿಂದ ಕರೆಯುತ್ತಿದ್ದಳು. ಅಕ್ಕ, ನಾನು ಶಾಲೆ ಸೇರುವ ಮೊದಲೇ ಕಾಮಾಲೆಯಾಗಿ ತೀರಿಕೊಂಡವಳು. ಸತ್ತವಳ ಹೆಸರಿಗೆ ನಾನು ಓಗೊಡುತ್ತಿರಲಿಲ್ಲ.

ದವಾಖಾನೆಯ ಹುಡುಗಿ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದಳು. ಲೋಟ, ಛತ್ರಿ, ಬೀಗ, ಬಾಚಣಿಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೋರಿಸುತ್ತ, “ಆಯಿ, ಇದು ಆಗ ನೋಡಿದ್ದೇ ಏನ್ರಿ, ಅದರಂಗ ಇರೋ ಬ್ಯಾರೇದೇನ್ರಿ?” ಎಂದು ಕೇಳಿದಳು.

ಬೀಗ ಬಂದಾಗ ನಾನು ಮನಸ್ಸಿನಲ್ಲೇ ‘ಅದೇ’ ಎಂದೆ. ಅವ್ವ ಕಣ್ಣು ಕಿರಿದು ಮಾಡಿ, “ಇದು ಬ್ಯಾರೆ. ಅದರ ಕೊಂಡಿ ದಪ್ಪ ಇತ್ತು” ಎಂದಳು. ಅವಳು ಹೇಳಿದ್ದೇ ಸರಿ. ಲೋಟದಲ್ಲೂ ನಾನೇ ತಪ್ಪಿದೆ. ವಯಸ್ಸಿಗೆ ತಕ್ಕ ಮರೆವು ಅಷ್ಟೇ ಎಂದು ಡಾಕ್ಟರು ನಮ್ಮನ್ನು ಕಳಿಸಿಕೊಟ್ಟರು.

ಊರಿಗೆ, ನೆಲೋಗಿಗೆ, ಮರಳುವ ಬಸ್ಸಿನಲ್ಲಿ ಸೋತ ಸಿಟ್ಟಿಗೆ ನಾನೂ ಒಂದು ಪರೀಕ್ಷೆ ಇಟ್ಟೆ. “ಯವ್ವಾ, ಘತ್ತರಗಿಯೊಳಗ ನಾ ಹೊಳಿಗಿ ಬಿದ್ದಿದ್ದು ನೆನಪದ ಏನು?”

ಅಲ್ಲಿನ ದೇವಿ ಭಾಗ್ಯವಂತಿಗೆ ಉಡಿ ತುಂಬಲು ಹೋದ ದಿನ ಅದು. ಭೀಮಾ ಹೊಳೆಯ ಪಾಚಿಗಟ್ಟಿದ ಮೆಟ್ಟಿಲಿನಿಂದ ಜಾರಿದ್ದು, ಅವ್ವ ಜಡೆ ಹಿಡಿದು ಎಳೆದದ್ದು, ಎದೆಗೊತ್ತಿಕೊಂಡು ಆಡಿದ ಮಾತು, ಎಲ್ಲ ನನಗೆ ನೆನಪಿದೆ. ಮುದ್ದಿಸುವ ಹೆಂಗಸಲ್ಲ ನಮ್ಮವ್ವ. ನನ್ನನ್ನು ಅಪ್ಪಿಕೊಂಡ ನೆನಪು ಅದೊಂದೇ.

“ನೀ ಎಲ್ಲಿ ಬಿದ್ದೆಬೇ? ಬಿದ್ದಾಕಿ ನಿಮ್ಮಕ್ಕ. ನೀ ಮ್ಯಾಲಿನ ಪಾವಟಿಗಿ ಮ್ಯಾಲ ನಿಂತು ಅಳಾಕತ್ತಿದ್ದಿ.”

ನಾನು ಜಗಳಕ್ಕೇ ಇಳಿದೆ. ನನ್ನ ಹಸಿರು ಹೂವಿನ ಲಂಗ ತೊಯ್ದು ಮುದ್ದೆಯಾಗಿತ್ತು, ಕೆಂಪು ರಿಬ್ಬನ್ನಿನ ಜಡೆ ನಿನ್ನ ಮುಷ್ಟಿಯಲ್ಲಿತ್ತು ಎಂದೆ.

“ಒಬ್ಬಾಕಿಗಿ ಕೊಟ್ಟು ಒಬ್ಬಾಕಿಗಿ ಬಿಟ್ಟರ ರಂಪ ಮಾಡ್ತಿದ್ರಿ. ಅದಕ್ಕ ಇಬ್ಬರಿಗೂ ಒಂದೇ ತಾನಿನ ಅರಿವಿಯೊಳಗ ಲಂಗ ಹೊಲಸ್ತಿದ್ದೆ. ನಿನ್ನ ಬೆನ್ನ ಮ್ಯಾಗಿನ ಜಡಿ ನಿನಗ ಹ್ಯಾಂಗ ಕಾಣ್ತು?”

ಹೌದು, ಆ ನೆನಪಿನಲ್ಲಿ ನನಗೆ ಕಾಣುವುದು ಒಬ್ಬ ಹುಡುಗಿಯ ಬೆನ್ನು. ಇಷ್ಟು ವರ್ಷ ಸತ್ತವಳ ಒದ್ದೆ ಲಂಗ ತೊಟ್ಟುಕೊಂಡು ಓಡಾಡಿದ್ದೆನೇನೋ ಅನಿಸಿತು. ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಲೂ ಹೆದರಿಕೆಯಾಯಿತು. ಆ ಅಪ್ಪುಗೆ ನನ್ನದಾಗಿರಲಿಲ್ಲ, ಅಳು ನುಗ್ಗಿ ಬಂತು.

ತೊಗರಿ ಹೊಲಗಳು ದಾಟಿದವು. ಅವ್ವ ನನ್ನ ಕಡೆ ತಿರುಗದೆ ಕೇಳಿದಳು: “ಅವತ್ತ ಅಕಿಗಿ ನಾ ಏನೋ ಅಂದಿದ್ದೆ. ಎಷ್ಟು ನೆನಸಿದ್ರೂ ಬರವಲ್ದು. ನಿನಗ ಕೇಳಿಸಿತ್ತೇನು?”

“‘ಅಂಜಬ್ಯಾಡ ನನ್ನ ಕೂಸೇ, ನಿನ್ನ ಬಿಡಂಗಿಲ್ಲ ನಾ’ ಅಂದಿದ್ದಿ.”

ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. “ಇನ್ನೊಮ್ಮೆ ಅನ್ನು.”

ಅಂದೆ. ಅವಳು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಅಕ್ಕನ ಹೆಸರು ಕರೆದಳು.

“ಹಾಂ ಯವ್ವಾ” ಎಂದೆ.