ಹ್ಯಾಂಡಲ್ ಲಾಕಿಗೆ ಪೆನ್ಸಿಲ್ ಪುಡಿ

ನಾನು ತಾಂಬಾದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಮೋಟರ್ ಸೈಕಲ್ ಗಾಡಿಯ ಕೆಲಸವೆಲ್ಲ ನನಗೆ ಗೊತ್ತು ಎಂಬ ಸೊಕ್ಕು ಬಹಳ ದಿನ ಇತ್ತು. ಅದು ಹೇಗೆ ಇಳಿಯಿತೆಂದು ಹೇಳಲು ಈಗ ನಾಚಿಕೆಯಿಲ್ಲ. ಇಳಿಸಿದವಳು ನನ್ನ ಹೆಂಡತಿ ಎಂಬ ಹೆಮ್ಮೆಯೇ ದೊಡ್ಡದು.

ಅವಳು ಮುದ್ದೇಬಿಹಾಳ ಕಡೆಯ ತಂಗಡಗಿಯವಳು. ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಹೆಣ್ಣುಮಕ್ಕಳಿಗೆ ಜಂಪರು ಹೊಲಿಯುತ್ತಾಳೆ. ಯಂತ್ರ ಕೈಕೊಟ್ಟರೆ ತಾನೇ ಬಿಚ್ಚಿ, ಒರೆಸಿ, ಜೋಡಿಸುತ್ತಾಳೆ. ದಿನಾ ಇದನ್ನು ಕಣ್ಣಾರೆ ನೋಡುತ್ತಿದ್ದರೂ, ಗಾಡಿಯ ವಿಷಯದಲ್ಲಿ ಅವಳನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಒಂದು ಮಳೆಗಾಲದಲ್ಲಿ ಐದು ದಿನ ಬಿಡದೆ ಮಳೆ ಜಿನುಗಿತು. ಗಾಡಿ ಬಾಗಿಲ ಮುಂದೆಯೇ ನೆನೆಯುತ್ತ ನಿಂತಿತ್ತು. ಆರನೆಯ ದಿನ ಬಿಸಿಲು ಬಿತ್ತು. ಇಂಡಿಯಲ್ಲಿ ಮೀಟಿಂಗ್ ಇತ್ತು, ಹೊರಟೆ. ಹ್ಯಾಂಡಲ್ ಲಾಕಿನಲ್ಲಿ ಚಾವಿ ತಿರುಗಲೇ ಇಲ್ಲ. ಒಳಗೆ ಹೋಗಿ ಅಡುಗೆಯ ಶೇಂಗಾ ಎಣ್ಣೆ ತಂದು ಲಾಕಿನ ಬಾಯಿಗೆ ಸುರಿದೆ. ಎರಡು ಸಲ ಅಲುಗಾಡಿಸಿದೆ, ತಿರುಗಿತು.

"ಅಲ್ರೀ, ಅಡಗಿ ಎಣ್ಣಿ ಹಾಕಿದ್ರ ಧೂಳ ಹಿಡಿದು ಅಂಟ ಆಗ್ತೈತಿ," ಎಂದಳು ಯಂತ್ರದ ಮುಂದಿನಿಂದಲೇ.

"ತಿರಗಿತಿಲ್ಲ? ನೀ ನಿನ್ನ ಜಂಪರ ಹೊಲಿ," ಎಂದು ನಕ್ಕು ಹೋದೆ.

ಎರಡು ತಿಂಗಳಿಗೆ ಹಿಂಗಾರಿ ಮಳೆ ಬಂತು. ಈ ಸಲ ಚಾವಿ ಅರ್ಧ ಒಳಗೆ ಹೋಗಿ ಕಲ್ಲಿಗೆ ಸಿಕ್ಕಿದಂತೆ ನಿಂತಿತು. ಶಾಲೆಗೆ ನಡೆದೇ ಹೋಗಿ, ಸಂಜೆ ಬಂದು ಇಕ್ಕಳ ಹಿಡಿದು ಚಾವಿ ತಿರುವಿದೆ. ಅದು ಬಾಗತೊಡಗಿತು. ಅಷ್ಟರಲ್ಲಿ ಅವಳು ಬಂದು ನನ್ನ ಕೈ ಹಿಡಿದಳು.

"ಬಿಡ್ರಿ. ಮುರದ್ರ ಲಾಕ ಒಡೀಬೇಕಾಗ್ತೈತಿ. ನಾಳೆ ಆಯತವಾರ. ನಾ ನೋಡ್ತೇನಿ."

ಮರುದಿನ ಭಾನುವಾರ ಮುಂಜಾನೆ, ಅವಳು ಹೇಳಿದಂತೆ, ಕಿಡಿ ಹಾರದಿರಲೆಂದು ಮೊದಲು ಬ್ಯಾಟರಿಯ ವಾಯರ್ ಬಿಚ್ಚಿದೆ. ಅವಳು ಬಾಗಿದ ಚಾವಿಯನ್ನು ಮೆಲ್ಲಗೆ ಎಳೆದು ತೆಗೆದಳು. ಬಟ್ಟೆಯ ಚೂರಿಗೆ ನಾಲ್ಕು ಹನಿ ಪೆಟ್ರೋಲ್ ಹಾಕಿ, ಇನ್ನೊಂದು ಚಾವಿ ಒರೆಸಿ, ಹೋದಷ್ಟು ಒಳಗೆ ತೂರಿಸಿ ತೆಗೆದಳು. ಚಾವಿಗೆ ಕಾಡಿಗೆಯಂಥ ರಾಡಿ ಮೆತ್ತಿಕೊಂಡಿತ್ತು. ಒರೆಸಿದಳು, ಮತ್ತೆ ತೂರಿಸಿದಳು. ಎಷ್ಟು ಸಲವೋ ಎಣಿಸಲಿಲ್ಲ. ಕೊನೆಗೆ ಬಟ್ಟೆಗೆ ಕಪ್ಪು ಹತ್ತುವುದು ನಿಂತಿತು. ಸೈಕಲ್ ಪಂಪಿನಿಂದ ಗಾಳಿ ಊದಲು ನನಗೆ ಹೇಳಿದಳು. ಮಧ್ಯಾಹ್ನದವರೆಗೆ ಗಾಡಿ ಬಿಸಿಲಿಗೆ ನಿಂತಿತು. ಆಮೇಲೆ ನನ್ನ ಕಿಸೆಯ ಪೆನ್ಸಿಲ್ ತೆಗೆದುಕೊಂಡು ಚಾವಿಯ ಎರಡೂ ಮಗ್ಗಲು ಕಪ್ಪಾಗುವಂತೆ ತಿಕ್ಕಿದಳು.

"ಇದು ಒಣ ಪುಡಿ. ಜಾರತೈತಿ, ಧೂಳ ಹಿಡಿಯೂದಿಲ್ಲ. ಈಗ ಹ್ಯಾಂಡಲ್ ಒಂದೀಟ ಆಕಡಿ ಈಕಡಿ ಆಡಸ್ರಿ, ಒಳಗಿನ ಹಿಡಿತ ಸಡ್ಲ ಆಗ್ತೈತಿ."

ಹ್ಯಾಂಡಲ್ ಅಲುಗಾಡಿಸಿದೆ. ಅವಳ ಎರಡು ಬೆರಳಿಗೇ ಲಾಕ್ ಬಿಚ್ಚಿಕೊಂಡಿತು. ನಾನು ಬ್ಯಾಟರಿಯ ವಾಯರ್ ಮತ್ತೆ ಜೋಡಿಸಿದೆ. ಅವಳು ಕೈ ತೊಳೆದು ರೊಟ್ಟಿ ಬಡಿಯಲು ಕೂತಳು.

ಮುಂದಿನ ವರ್ಷದ ಮಳೆಯಲ್ಲಿ ಊರಿನ ನರ್ಸ್ ಬಾಯಿಯ ಸ್ಕೂಟರ್ ನಮ್ಮ ಓಣಿಯಲ್ಲೇ ನಿಂತಿತು. ಓಣಿಯ ತುಂಬು ಬಸುರಿಯೊಬ್ಬಳನ್ನು ನೋಡಲು ಬಂದಿದ್ದರು. ಬಿ.ಪಿ. ನೋಡುವ ಯಂತ್ರ ಸೀಟಿನ ಕೆಳಗಿತ್ತು, ಸೀಟಿನ ಲಾಕ್ ತೆರೆಯುತ್ತಿರಲಿಲ್ಲ. ನಾಲ್ಕು ಜನ ಗಂಡಸರು ಸುತ್ತ ನೆರೆದಿದ್ದರು, ಒಬ್ಬನ ಕೈಗೆ ಆಗಲೇ ಸ್ಕ್ರೂಡ್ರೈವರ್ ಬಂದಿತ್ತು.

"ಎಲ್ಲಾರೂ ಸರೀರಿ. ನಮ್ಮಾಕಿನ ಕರೀತೇನಿ," ಎಂದೆ. ನಾನೇ ಕೂಗಿ ಹೇಳಿದೆ, ಓಣಿಗೆಲ್ಲ ಕೇಳುವಂತೆ.

ಅವಳು ಪೆನ್ಸಿಲ್ ಹಿಡಿದು ಬಂದಳು. ಚಾವಿ ಒರೆಸಿ ಪುಡಿ ತಿಕ್ಕಿ, "ಬಾಯಾರ, ಸೀಟ ಎರಡೂ ಕೈಲೆ ಕೆಳಗ ಒತ್ತಿ ಹಿಡೀರಿ," ಎಂದಳು. ಅವರು ಒತ್ತಿದರು, ಇವಳು ತಿರುವಿದಳು. ಟಕ್ ಎಂದು ಸೀಟು ಎದ್ದಿತು.

"ಅಕ್ಕಾರ, ಇದನ್ನ ಎಲ್ಲಿ ಕಲ್ತೀರಿ?" ಎಂದು ನರ್ಸ್ ಕೇಳಿದರು.

"ಹೊಲಿಗಿ ಮಿಷಿನ್ ಕಲಿಸೇತ್ರಿ. ಲಗೂನ ಹೋಗ್ರಿ, ಆ ಹುಡುಗಿ ಕಾಯ್ತಿರ್ತಾಳ."

ಸ್ಕ್ರೂಡ್ರೈವರ್ ಹಿಡಿದಿದ್ದವನು ಮರುದಿನ ತನ್ನ ಗಾಡಿಯನ್ನೂ ತಳ್ಳಿಕೊಂಡು ಬಂದ. ಈಗ ಮಳೆ ನಿಂತು ಹೊರಪಾದ ಮೊದಲ ಬಿಸಿಲಿಗೆ ನಮ್ಮ ಬಾಗಿಲಲ್ಲಿ ಎರಡು ಮೂರು ಗಾಡಿ ನಿಂತೇ ಇರುತ್ತವೆ.

ಕಳೆದ ಶ್ರಾವಣದಲ್ಲಿ ಬಸವನ ಬಾಗೇವಾಡಿಯಲ್ಲಿ ನಮಗೆ ತರಬೇತಿ ಇತ್ತು. ಹೊರಗೆ ಮಳೆಯಲ್ಲಿ ನೆನೆದ ಸಹೋದ್ಯೋಗಿಯೊಬ್ಬರ ಗಾಡಿಯ ಲಾಕನ್ನು ನಾನೇ ಬಿಡಿಸಿಕೊಟ್ಟೆ.

"ಯಾವ ಮಿಸ್ತ್ರಿ ಕಡಿ ಕಲ್ತೀರಿ ಸರ?" ಎಂದು ಅವರು ಕೇಳಿದರು.

"ನಮ್ಮ ಮನಿಯಾಕಿ ಕಡಿ," ಎಂದೆ. ಅವರು ತಮಾಷೆಯೆಂದು ನಕ್ಕರು. ನಾನು ನಗಲಿಲ್ಲ, ನಿಂತು ಎಲ್ಲ ಕಥೆಯನ್ನೂ ಹೇಳಿದೆ.

ಮನೆಗೆ ಬಂದು ಅವಳಿಗೂ ಅದನ್ನು ಹೇಳಿದೆ. ದಾರ ಪೋಣಿಸುತ್ತಿದ್ದವಳು ತಲೆಯೆತ್ತದೆ, "ಹ್ಯಾಂಡಲ್ ಆಡಿಸಿದ್ರೇನು ಮೊದಲ?" ಎಂದು ಕೇಳಿದಳು.

"ಆಡಿಸಿದ್ನೆವಾ."

"ಹಂಗಾರ ಕಲ್ತೀರಿ ಬಿಡ್ರಿ," ಎಂದಳು.